ಯಾವ ಲ್ಯಾಬಿಗೆ ಯಾವ ಲ್ಯಾಬಿನ ನಂಟು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಬಯೋಮೆಡಿಕಲ್ ಎಂಜಿನಿಯರಿಂಗ್ ವಿಭಾಗದಲ್ಲಿ ಯಾರು ಯಾರ ಜೊತೆ ಸಂಶೋಧನೆ ಮಾಡುತ್ತಾರೆ ಅಂತ ಪೇಪರುಗಳ ಪಟ್ಟಿ ನೋಡಿ ಹೇಳಬಹುದಾ? ಹೇಳಬಹುದು. ಆದರೆ ಪಟ್ಟಿಯನ್ನು ಹಾಗೇ ಗೆಫಿಗೋ ವಿಒಎಸ್‌ವ್ಯೂವರ್‌ಗೋ (ಯಾರಿಗೆ ಯಾರ ನಂಟು ಅಂತ ಚುಕ್ಕಿ, ಗೆರೆಗಳ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ಗಳು) ಸುರಿದರೆ ಬರುವ ಚಿತ್ರವನ್ನು ನಂಬಬೇಡಿ.

ಐದು ವರ್ಷದ ಪೇಪರುಗಳನ್ನಾದರೂ ತೆಗೆದುಕೊಳ್ಳಿ. ನೈತಿಕ ಸಮಿತಿಯ ಒಪ್ಪಿಗೆ, ಪ್ರಯೋಗ, ಪ್ರಕಟಣೆ ಎಲ್ಲ ಮುಗಿಯಲು ಕಾಲ ಹಿಡಿಯುವುದರಿಂದ ಒಂದು ವರ್ಷದ ಪಟ್ಟಿಯಲ್ಲಿ ಏನೂ ತಿಳಿಯದು. ಆಮೇಲೆ ಹೆಸರುಗಳನ್ನು ಸರಿಪಡಿಸಿ. ಹೆಚ್ಚು ಹೊತ್ತು ಹಿಡಿಯುವ ಕೆಲಸ ಇದೇ. ‘ಕುಮಾರ್ ಎಸ್’ ಅಂದರೆ ಮೂವರಿರಬಹುದು. ಇನಿಷಿಯಲ್ ಒಮ್ಮೆ ಹಿಂದೆ, ಒಮ್ಮೆ ಮುಂದೆ ಬಂದು ಒಬ್ಬರೇ ಇಬ್ಬರಾಗಿಯೂ ಕಾಣಬಹುದು. ನಮ್ಮ ಕಡೆಯ ಹೆಸರುಗಳಲ್ಲಿ ಇದು ತೀರಾ ಸಾಮಾನ್ಯ. ಆರ್ಕಿಡ್ ಸಂಖ್ಯೆ (ORCID, ಒಬ್ಬೊಬ್ಬ ಸಂಶೋಧಕರಿಗೂ ಬೇರೆಬೇರೆ ಇರುವ ಗುರುತಿನ ಸಂಖ್ಯೆ) ಇದ್ದರೆ ಅದನ್ನೇ ಹಿಡಿಯಿರಿ.

ಮುಂದಿನದು ಲೆಕ್ಕ. ಒಟ್ಟಿಗೆ ಬರೆದ ಪ್ರತಿ ಇಬ್ಬರೂ ಒಂದು ಜೋಡಿ, ಅಂದರೆ ಚಿತ್ರದಲ್ಲಿ ಒಂದು ಗೆರೆ. ಹತ್ತು ಲೇಖಕರ ಪೇಪರಿನಿಂದ 45 ಜೋಡಿಗಳಾಗುತ್ತವೆ, ಐವತ್ತು ಲೇಖಕರದ್ದರಿಂದ 1,225. ಒಂದೇ ದೊಡ್ಡ ಕ್ಲಿನಿಕಲ್ ಪೇಪರು ಇಡೀ ಚಿತ್ರವನ್ನು ನುಂಗಿಬಿಡುತ್ತದೆ. ಅದಕ್ಕೆ ಭೌತವಿಜ್ಞಾನಿ ಮಾರ್ಕ್ ನ್ಯೂಮನ್ 2001ರಲ್ಲಿ ಪ್ರತಿ ಜೋಡಿಗೆ ಕೊಟ್ಟ ತೂಕ ಒಳ್ಳೆಯದು: ಲೇಖಕರ ಸಂಖ್ಯೆಯಲ್ಲಿ ಒಂದು ಕಳೆದು, ಬಂದದ್ದರಿಂದ ಒಂದನ್ನು ಭಾಗಿಸಿ. ಇಬ್ಬರೇ ಬರೆದಿದ್ದರೆ ಜೋಡಿಗೆ 1, ಹನ್ನೊಂದು ಜನ ಬರೆದಿದ್ದರೆ ಪ್ರತಿ ಜೋಡಿಗೆ 0.1.

ಗೈಡ್ ಮತ್ತು ವಿದ್ಯಾರ್ಥಿಯ ಗೆರೆಗಳನ್ನು ಬೇರೆ ಇಡಿ. ಇಲ್ಲವಾದರೆ ದೊಡ್ಡ ಲ್ಯಾಬುಗಳೇ ಭಾರಿ ಸಹಕಾರದ ಕೇಂದ್ರಗಳಾಗಿ ಕಾಣುತ್ತವೆ. ಅಧ್ಯಾಪಕರ ನಡುವಿನ ಗೆರೆಗಳನ್ನಷ್ಟೇ ಉಳಿಸಿ ನೋಡಿ. ಹೆಣೆದುಕೊಂಡಂತಿದ್ದ ವಿಭಾಗ ಚೂರುಚೂರಾಗಬಹುದು. ಆಗ ಉಳಿಯುವ ಸೇತುವೆಗಳನ್ನೇ ಗಮನಿಸಬೇಕು, ಉದಾಹರಣೆಗೆ ಬಯೋಮೆಟೀರಿಯಲ್ ಗುಂಪನ್ನೂ ಇಮೇಜಿಂಗ್ ಗುಂಪನ್ನೂ ಜೋಡಿಸುವ ಒಬ್ಬರೇ ಒಬ್ಬರು. ಅವರು ಬೇರೆ ಕಡೆ ಹೋದರೆ ಆ ನಂಟೂ ಹೋಯಿತು.

ವಿಳಾಸದಲ್ಲೂ ಮೋಸ ಹೋಗಬಹುದು. ಅಮೆರಿಕದ ಅಟ್ಲಾಂಟಾದಲ್ಲಿರುವ ಕೌಲ್ಟರ್ ಬಯೋಮೆಡಿಕಲ್ ಎಂಜಿನಿಯರಿಂಗ್ ವಿಭಾಗವನ್ನು ಜಾರ್ಜಿಯಾ ಟೆಕ್ ಮತ್ತು ಎಮೊರಿ ವಿಶ್ವವಿದ್ಯಾಲಯ 1997ರಿಂದ ಸೇರಿ ನಡೆಸುತ್ತಿವೆ. ಅಲ್ಲಿನ ಒಬ್ಬರೇ ಬರೆದ ಪೇಪರಿನಲ್ಲೂ ಎರಡು ಸಂಸ್ಥೆಗಳ ಹೆಸರಿರಬಹುದು. ಅದನ್ನು ಅಂತರ್‌ಸಂಸ್ಥೆ ಸಹಕಾರ ಅಂತ ಎಣಿಸಿದರೆ ತಪ್ಪು. ಇಂಥ ಕಡೆ ಸಂಸ್ಥೆಯ ಬದಲು ವ್ಯಕ್ತಿಯನ್ನು ಎಣಿಸಿ.

ಪೇಪರಿನ ಕೊನೆಯ ಕೃತಜ್ಞತೆಯ ಸಾಲುಗಳನ್ನೂ ಓದಿ. ಕಾನ್‌ಫೋಕಲ್ ಮೈಕ್ರೋಸ್ಕೋಪ್ ನೋಡಿಕೊಳ್ಳುವವರು ಹತ್ತು ಲ್ಯಾಬುಗಳಿಗೆ ನೆರವಾಗಿದ್ದರೂ ಲೇಖಕರ ಪಟ್ಟಿಯಲ್ಲಿ ಇರುವುದಿಲ್ಲ. ಅದಕ್ಕೇ ಈ ಚಿತ್ರ ಹಿಡಿದು ಬಡ್ತಿ ನಿರ್ಧರಿಸುವುದನ್ನು ನಾನು ಒಪ್ಪುವುದಿಲ್ಲ. ಮುಂದಿನ ಉಪಕರಣ ಯಾರ ಲ್ಯಾಬುಗಳ ನಡುವೆ ಇಡಬೇಕು, ಯಾವ ಇಬ್ಬರಿಗೆ ಜಂಟಿಯಾಗಿ ಒಬ್ಬ ಪಿಎಚ್‌ಡಿ ವಿದ್ಯಾರ್ಥಿಯನ್ನು ಕೊಡಬೇಕು ಅನ್ನುವುದಕ್ಕೆ ಧಾರಾಳವಾಗಿ ಬಳಸಿ.