ಹಿಡಿಯಿತು, ಬಿಡಲಿಲ್ಲ

ಸಾಲಿಡ್ ಫೇಸ್ ಎಕ್ಸ್‌ಟ್ರಾಕ್ಷನ್ ಅಂದರೆ ಪುಡಿ ತುಂಬಿದ ಪುಟ್ಟ ಕೊಳವೆಯಲ್ಲಿ, ಅಂದರೆ ಕಾರ್ಟ್ರಿಡ್ಜಿನಲ್ಲಿ, ಬೇಕಾದ್ದನ್ನು ಹಿಡಿದು ಆಮೇಲೆ ಬಿಡಿಸಿಕೊಳ್ಳುವ ಕೆಲಸ. ಅದಕ್ಕೆ ಯಾವ ಕಾರ್ಟ್ರಿಡ್ಜ್ ಹಾಕಬೇಕು ಅಂತ ಗೊತ್ತಾಗದಿದ್ದರೆ ಕೈ ತಾನಾಗೇ ಸಿ18 ಡಬ್ಬಕ್ಕೆ ಹೋಗುತ್ತದೆ. ನನ್ನದೂ ಹೋಯಿತು. ಬೆಂಗಳೂರಿನ ಒಂದು ಲ್ಯಾಬಿಗೆ ಆಗಷ್ಟೇ ಸೇರಿದ್ದೆ, ಪ್ಲಾಸ್ಮಾದಿಂದ (ರಕ್ತದ ದ್ರವಭಾಗ) ಖಿನ್ನತೆಯ ಔಷಧಿ ಅಮಿಟ್ರಿಪ್ಟಿಲಿನ್ ಬೇರೆ ಮಾಡುವ ಕೆಲಸ. ಜಿಡ್ಡಿಗೆ ಒಲಿಯುವ ಔಷಧಿ, ಸಿಲಿಕಾಕ್ಕೆ 18 ಕಾರ್ಬನ್ನಿನ ಬಾಲ ಕಟ್ಟಿದ ಸಿ18 ಅದನ್ನು ಹಿಡಿಯುತ್ತದೆ, ಮೆಥನಾಲ್ ಹಾಕಿದರೆ ಬಿಡುತ್ತದೆ. ಇಷ್ಟೇ ಅಲ್ವಾ?

ಹಿಡಿಯಿತು. ಬಿಡಲಿಲ್ಲ.

ರಿಕವರಿ, ಅಂದರೆ ಹಾಕಿದ ಔಷಧಿಯಲ್ಲಿ ವಾಪಸ್ ಸಿಕ್ಕ ಪಾಲು, ಅರ್ಧವೂ ಬರಲಿಲ್ಲ. ಮೊದಲು ಅನುಮಾನ ಬಂದದ್ದು ನನ್ನ ಕೈ ಮೇಲೇ. ಕಂಡೀಷನಿಂಗ್ (ಪುಡಿಯನ್ನು ಮೊದಲೇ ನೆನೆಸಿಕೊಳ್ಳುವುದು) ಆದಮೇಲೆ ಒಣಗಲು ಬಿಟ್ಟೆನೇನೋ ಅಂತ. ಹಾಗಿದ್ದರೆ ಪ್ಲಾಸ್ಮಾ ಲೋಡ್ ಮಾಡುವಾಗಲೇ ಔಷಧಿ ಸೋರಿರಬೇಕು. ಕೆಳಗಿಳಿದದ್ದನ್ನೂ ವಾಷನ್ನೂ ಕ್ರೊಮ್ಯಾಟೋಗ್ರಾಫ್ ಯಂತ್ರಕ್ಕೆ ಇಂಜೆಕ್ಟ್ ಮಾಡಿ ನೋಡಿದೆ, ಔಷಧಿ ಇದ್ದರೆ ಏಳಬೇಕಾದ ಪೀಕೇ ಇಲ್ಲ. ಅಂದರೆ ಮಾಲು ಇನ್ನೂ ಒಳಗೇ ಇದೆ.

ಪಕ್ಕದ ಬೆಂಚಿನ ಮೇಡಂ ಡಬ್ಬ ತಿರುಗಿಸಿ ಓದಿ, "ಇದು ಎಂಡ್‌ಕ್ಯಾಪ್ ಆಗಿಲ್ಲ ಕಣೋ" ಅಂದರು. ಸಿಲಿಕಾ ಮೈಮೇಲಿನ ಎಲ್ಲಾ ಸಿಲನಾಲ್‌ಗೂ (ಸಿಲಿಕಾನ್‌ಗೆ ಅಂಟಿದ OH ಗುಂಪು) ಬಾಲ ಕಟ್ಟಲು ಜಾಗ ಸಾಲುವುದಿಲ್ಲ, ಎಷ್ಟೋ ಹಾಗೇ ಉಳಿಯುತ್ತವೆ. ಎಂಡ್‌ಕ್ಯಾಪಿಂಗ್ ಅಂದರೆ ಉಳಿದವುಗಳ ತಲೆಗೆ ಟ್ರೈಮೀಥೈಲ್‌ಸಿಲೈಲ್ ಟೋಪಿ ಹಾಕುವುದು, ಅದೂ ಎಲ್ಲಕ್ಕೂ ಕೂರುವುದಿಲ್ಲ. ಟೋಪಿ ಇಲ್ಲದವು ಸುಮ್ನಿರುತ್ತವೆಯೇ? ಪಿಎಚ್ 7ರ ಹೊತ್ತಿಗೆ ಅವುಗಳಿಗೆ ನೆಗೆಟಿವ್ ಚಾರ್ಜ್, ಪಿಕೆಎ (ಅರ್ಧ ಅಣುಗಳಿಗೆ ಮಾತ್ರ ಚಾರ್ಜ್ ಇರುವ ಪಿಎಚ್) 9.4ರ ನಮ್ಮ ಔಷಧಿಯ ಅಮೈನ್ ಗುಂಪಿಗೆ ಪಾಸಿಟಿವ್. ಬರೀ ಮೆಥನಾಲ್ ಈ ನಂಟು ಬಿಡಿಸುವುದಿಲ್ಲ.

ಅದೇ ಕಾರ್ಟ್ರಿಡ್ಜಿಗೆ ಶೇ. 2 ಫಾರ್ಮಿಕ್ ಆಮ್ಲ ಬೆರೆಸಿದ ಮೆಥನಾಲ್ ಬಿಟ್ಟೆವು. ಆಮ್ಲಕ್ಕೆ ಸಿಲನಾಲ್‌ಗಳ ಚಾರ್ಜ್ ಆರಿತು, ಪೀಕ್ ಎದ್ದಿತು! ಜೊತೆಗೆ ಪ್ಲಾಸ್ಮಾದ ಕೊಳೆಯೂ ಬಂತು ಅನ್ನಿ.

"ಚಾರ್ಜೇ ಹಿಡಿಯುತ್ತೆ ಅಂದಮೇಲೆ ಅದನ್ನೇ ಬಳಸು" ಅಂದರು ಮೇಡಂ. ನಾನು ಜಾಣನ ಹಾಗೆ ಎಸ್‌ಸಿಎಕ್ಸ್ (ಪಾಸಿಟಿವ್ ಚಾರ್ಜ್ ಇರುವುದನ್ನು ಹಿಡಿಯುವ, ಬಲವಾದ ಆಮ್ಲದ ಗುಂಪಿನ ಕಾರ್ಟ್ರಿಡ್ಜ್) ತೆಗೆದೆ. ಬೇಡ ಅಂದರು. ಅದರ ಸಲ್ಫೋನಿಕ್ ಗುಂಪಿನ ಚಾರ್ಜ್ ಆರಿಸಲು ಆಗುವುದಿಲ್ಲ, ಔಷಧಿಯ ಚಾರ್ಜನ್ನೇ ಆರಿಸಬೇಕು, ಅಂದರೆ ಪಿಕೆಎಗಿಂತ 2 ಮೇಲೆ, ಪಿಎಚ್ 11.4 ದಾಟಿಸಬೇಕು. ಆಗುತ್ತದೆ, ಆದರೆ ಇಡೀ ದಿನ ಅಮೋನಿಯಾ ವಾಸನೆ. ಅದರ ಬದಲು ಸಿಬಿಎ (ದುರ್ಬಲ ಆಮ್ಲದ ಗುಂಪಿನ ಕಾರ್ಟ್ರಿಡ್ಜ್), ಅದರ ಕಾರ್ಬಾಕ್ಸಿಲಿಕ್ ಗುಂಪಿನ ಪಿಕೆಎ 4.8ರ ಆಸುಪಾಸು. ಪಿಎಚ್ 7ರಲ್ಲಿ ಗಟ್ಟಿಯಾಗಿ ಹಿಡಿಯುತ್ತದೆ, 2.8ಕ್ಕಿಂತ ಇಳಿಸಿದರೆ ತಾನೇ ಕೈಬಿಡುತ್ತದೆ. ನಡುವೆ ಮೆಥನಾಲಿನಲ್ಲೇ ತೊಳೆದರೂ ಔಷಧಿ ಅಲ್ಲಾಡುವುದಿಲ್ಲ, ಕೊಳೆ ಮಾತ್ರ ಹೋಗುತ್ತದೆ. ಪ್ಲಾಸ್ಮಾದ ಸೋಡಿಯಂ ಜಾಗಕ್ಕೆ ಪೈಪೋಟಿ ಮಾಡುತ್ತದಲ್ಲ, ಹಾಗಾಗಿ ಉಪ್ಪು ಕಡಿಮೆಯಿರುವ ಬಫರ್ (ಪಿಎಚ್ ಕದಲದಂತೆ ಇಡುವ ದ್ರಾವಣ) ಜಾಸ್ತಿ ಹಾಕಿ ಪ್ಲಾಸ್ಮಾ ತೆಳ್ಳಗೆ ಮಾಡಿಕೊಂಡೆ.

ಸಂಜೆ ಹೊರಡುವ ಮುಂಚೆ ಆ ಸಿ18 ಡಬ್ಬದ ಮೇಲೆ ಮಾರ್ಕರಿನಲ್ಲಿ ದೊಡ್ಡದಾಗಿ ಬರೆದಿಟ್ಟೆ: "ಟೋಪಿ ಇಲ್ಲ".