ಮುಕ್ಕಾಲು ಅಡುಗೆ ಅವರದು, ಉಳಿದದ್ದು ನಮ್ಮದು

ವಿಯೆಟ್ನಾಂನ ರಾಜಧಾನಿ ಹನೋಯಿಯ ಹಳೇ ಪೇಟೆಯಲ್ಲಿ ಊಟಕ್ಕೆ ಕೂರೋದು ಅಂದರೆ ಹೆಚ್ಚುಕಡಿಮೆ ನೆಲದ ಮೇಲೇ ಕೂತ ಲೆಕ್ಕ. ಫುಟ್‌ಪಾತ್ ಮೇಲೆ ಮೊಣಕಾಲೆತ್ತರಕ್ಕೂ ಬಾರದ ಪ್ಲಾಸ್ಟಿಕ್ ಸ್ಟೂಲು, ಅದಕ್ಕಿಂತ ಒಂಚೂರು ಎತ್ತರದ ಟೇಬಲ್ಲು. ಬೆನ್ನ ಹಿಂದೆ ಸಾಲಾಗಿ ನಿಲ್ಲಿಸಿದ ಸ್ಕೂಟರ್‌ಗಳು. ಎಷ್ಟೋ ಕಡೆ ಮೆನು ಕಾರ್ಡೇ ಇರೋದಿಲ್ಲ. ಮಾಡೋದು ಒಂದೇ ತಿಂಡಿ, ಕಾರ್ಡ್ ಯಾಕೆ? ಎಷ್ಟು ಜನ ಅಂತ ಬೆರಳು ತೋರಿಸಿದರೆ ಸಾಕು.

ಅಣ್ಣ, ಅತ್ತಿಗೆ, ನಾನು ಹನೋಯಿಯಿಂದ ಶುರುಮಾಡಿ, ಹ್ವೆ, ಹೋಯ್ ಆನ್ ನೋಡಿಕೊಂಡು ದಕ್ಷಿಣದ ಸೈಗಾನ್‌ವರೆಗೆ ಹೋದೆವು. ಕೋಟೆ, ಪಗೋಡ, ಮ್ಯೂಸಿಯಂ ಎಲ್ಲ ನೋಡಿದ್ದೇವೆ. ಅವುಗಳ ಬಗ್ಗೆ ಬರೆಯೋಕೆ ಬೇರೆಯವರಿದ್ದಾರೆ ಬಿಡಿ.

ಬೆಳಗಾಗುತ್ತಲೇ ಫೋ ಅಂಗಡಿಗಳ ಮುಂದೆ ಹಬೆ ಏಳುತ್ತಿರುತ್ತದೆ. ಸುಟ್ಟ ಶುಂಠಿ, ಸುಟ್ಟ ಈರುಳ್ಳಿ, ಚಕ್ಕೆ, ಚಕ್ರಮೊಗ್ಗು ಹಾಕಿ ಮೂಳೆಯನ್ನು ಗಂಟೆಗಟ್ಟಲೆ ಕುದಿಸಿದ ಸಾರು, ಅದರೊಳಗೆ ಅಕ್ಕಿಯ ಪಟ್ಟಿ ನೂಡಲ್ಸ್. ಹೆಸರಾದ ಫೋ ದನದ ಮಾಂಸದ್ದು. ಅದು ಬೇಡ ಅನ್ನೋರಿಗೆ ಕೋಳಿಯ ಫೋ ಗಾ ಇದೆ. ಹಿಂದೆ ವಾರದಲ್ಲಿ ಎರಡು ದಿನ ದನದ ಮಾಂಸ ಮಾರುತ್ತಿರಲಿಲ್ಲವಂತೆ, ಆಗ ಕೋಳಿ ಹಾಕಿ ಮಾಡೋಕೆ ಶುರುವಾಯಿತು ಅಂತ ಹೇಳುತ್ತಾರೆ. ನಾನು ತಗೊಂಡಿದ್ದು ಅದೇ. ಮೊದಲ ಚಮಚ ಸಪ್ಪೆ ಅನ್ನಿಸಿತು. ಮುಖದಲ್ಲೂ ಕಂಡಿತೇನೋ, ಪಕ್ಕದಲ್ಲಿದ್ದ ಅಜ್ಜ ಒಂದು ಪುಟ್ಟ ನಿಂಬೆ ಹಿಂಡಿದರು, ಕೆಂಪು ಮೆಣಸಿನಕಾಯಿ ಚೂರು ಉದುರಿಸಿದರು. ತಮ್ಮ ಬಟ್ಟಲಿಗಲ್ಲ, ನನ್ನದಕ್ಕೆ! ಆಮೇಲೆ ಈಗ ಕುಡಿ ಅಂತ ಗದ್ದ ಎತ್ತಿದರು. ಅದೇ ಸಾರು ಬೇರೆಯೇ ಆಗಿತ್ತು. ಅವತ್ತಿಂದ ಎಲ್ಲ ಊರಲ್ಲೂ ಗಮನಿಸಿದೆ. ಅಡುಗೆಯವರು ಮುಕ್ಕಾಲು ಮಾಡಿ ಕೊಡುತ್ತಾರೆ. ಹುಳಿ, ಖಾರ, ಸೊಪ್ಪು ಎಷ್ಟು ಅನ್ನೋದು ತಿನ್ನೋರ ಕೈಯಲ್ಲಿ.

ಮಧ್ಯಾಹ್ನ ಓಣಿಯಲ್ಲಿ ಕೆಂಡದ ಹೊಗೆ ಬಂದರೆ ಬುನ್ ಚಾ ಅಂತ ತಿಳಿಯಿರಿ. ಸುಟ್ಟ ಹಂದಿ ಮಾಂಸದ ಉಂಡೆಗಳು ಹುಳಿ-ಸಿಹಿ ತಿಳಿರಸದಲ್ಲಿ ತೇಲುತ್ತಿರುತ್ತವೆ. ಬಿಳಿ ಶಾವಿಗೆ ಬೇರೆ ತಟ್ಟೆಯಲ್ಲಿ, ಸೊಪ್ಪಿನ ರಾಶಿ ಬೇರೆ. ಕಲಸಿಕೊಳ್ಳೋದು ನಿಮ್ಮ ಕೆಲಸ. 2016ರಲ್ಲಿ ಒಬಾಮ ಮತ್ತು ಅಮೆರಿಕದ ಬಾಣಸಿಗ ಆಂಟನಿ ಬೋರ್ಡೇನ್ ಕೂತು ಬುನ್ ಚಾ ತಿಂದ ಅಂಗಡಿಯವರು ಆ ಟೇಬಲ್ಲಿಗೆ ಗಾಜಿನ ಪೆಟ್ಟಿಗೆ ಮಾಡಿಸಿದ್ದಾರೆ. ನಾವು ಹೋಗಲಿಲ್ಲ. ನಮ್ಮ ಲಾಡ್ಜ್ ಪಕ್ಕದ್ದೇ ಚೆನ್ನಾಗಿತ್ತು.

ಇನ್ನು ಕಾಫಿ. ನಾವು ಸಕಲೇಶಪುರ ಕಡೆಯವರು, ಈ ವಿಷಯದಲ್ಲಿ ಜಂಬ ಸ್ವಲ್ಪ ಜಾಸ್ತಿ. ಅಲ್ಲಿ ಕಾಫಿ ಇಳಿಸೋ ಪುಟ್ಟ ಫಿಲ್ಟರ್‌ಗೆ ಫಿನ್ ಅನ್ನುತ್ತಾರೆ. ಅಂಗೈಯಲ್ಲಿ ಹಿಡಿಸೋ ಲೋಹದ ಬಟ್ಟಲು, ತಳದಲ್ಲಿ ತೂತು, ಪುಡಿ ಒತ್ತೋಕೆ ಒಂದು ಬಿಲ್ಲೆ, ಮೇಲೊಂದು ಮುಚ್ಚಳ. ನಮ್ಮಲ್ಲಿ ಡಿಕಾಕ್ಷನ್ ಅಡುಗೆಮನೆಯಲ್ಲಿ ಇಳಿಯುತ್ತೆ, ಅಲ್ಲಿ ನಿಮ್ಮ ಕಣ್ಣೆದುರೇ, ನಿಮ್ಮ ಲೋಟದ ಮೇಲೇ. ತಳದಲ್ಲಿ ಎರಡು ಬೆರಳು ದಪ್ಪ ಕಂಡೆನ್ಸ್ಡ್ ಮಿಲ್ಕ್. ಅದರ ಮೇಲೆ ಒಂದೊಂದೇ ಕಪ್ಪು ಹನಿ ಬಿದ್ದು, ಬೆರೆಯದೆ ಪದರವಾಗಿ ನಿಲ್ಲುತ್ತದೆ. ಮುಗಿಯೋಕೆ ನಾಲ್ಕೈದು ನಿಮಿಷ ಬೇಕು. ಅವಸರ ಮಾಡಿ ಬಿಲ್ಲೆ ಒತ್ತಿದರೆ ಇನ್ನೂ ನಿಧಾನ. ಆಮೇಲೆ ಚೆನ್ನಾಗಿ ಕಲಸಿ ಐಸ್ ಲೋಟಕ್ಕೆ ಸುರಿಯಬೇಕು.

ಅಲ್ಲಿಗೆ ಕಾಫಿ ಗಿಡ ತಂದವರು ಫ್ರೆಂಚರು. ಹಸಿ ಹಾಲು ಸಿಗೋದು ಕಷ್ಟವಿತ್ತು, ಅದಕ್ಕೆ ಡಬ್ಬಿ ಹಾಲು. ಇವತ್ತು ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲೇ ಅತಿ ಹೆಚ್ಚು ಕಾಫಿ ಬೆಳೆಯೋದು ವಿಯೆಟ್ನಾಂ. ಬಹುಪಾಲು ರೊಬಸ್ಟಾ ಜಾತಿಯದೇ. ನಮ್ಮಲ್ಲಿ ರೊಬಸ್ಟಾ ಬೆಳೆಯೋರೂ ಹೊಗಳೋದು ಅರೇಬಿಕಾನ. ಅಲ್ಲಿ ರೊಬಸ್ಟಾದ ಕಹಿಯನ್ನು ಯಾರೂ ಮುಚ್ಚಿಡಲ್ಲ, ಅದೇ ಬೇಕು ಅಂತ ಕುಡಿಯುತ್ತಾರೆ. ತೋಟ ನೋಡಿಕೊಳ್ಳೋ ಅಣ್ಣ ಎರಡನೇ ಲೋಟ ತರಿಸಿ, “ನಮ್ಮ ಬೀಜಾನ ನಾವೇ ಹೀಗೆ ಕುಡಿದಿಲ್ವಲ್ಲ” ಅಂದ.

ಮೊಟ್ಟೆ ಕಾಫಿ ಹುಟ್ಟಿದ್ದೂ ಹಾಲಿಲ್ಲದ ಕಾಲದಲ್ಲೇ. 1946ರಲ್ಲಿ ಹನೋಯಿಯ ಮೆಟ್ರೊಪೋಲ್ ಹೋಟೆಲಿನ ನೌಕರ ನ್ಗುಯೆನ್ ವಾನ್ ಜಾಂಗ್ ಹಾಲಿನ ಬದಲು ಮೊಟ್ಟೆಯ ಹಳದಿ ಭಾಗವನ್ನು ಸಕ್ಕರೆ ಜೊತೆ ನೊರೆ ಬರೋವರೆಗೆ ಕಡೆದು ಕಾಫಿ ಮೇಲೆ ಹಾಕಿದರು. ಅವರ ಮನೆತನದ ಕೆಫೆ ಈಗಲೂ ಇದೆ, ಒಬ್ಬರೇ ನುಗ್ಗುವಂಥ ಸಂದಿಯ ಒಳಗೆ. ಬಿಸಿ ಆರದಿರಲಿ ಅಂತ ಕಪ್ಪನ್ನು ಬಿಸಿನೀರಿನ ಬಟ್ಟಲಲ್ಲಿಟ್ಟು ಕೊಡುತ್ತಾರೆ. ಮೊಟ್ಟೆ ವಾಸನೆ ಇಲ್ಲವೇ ಇಲ್ಲ. ಆದರೆ ಸಿಹಿ ಜಾಸ್ತಿ, ಕಾಫಿಗಿಂತ ಮಿಠಾಯಿ ಅನ್ನಬಹುದು. ಅತ್ತಿಗೆ ಮೊಟ್ಟೆ ಮುಟ್ಟೋದಿಲ್ಲ. ಅವರು ತೆಂಗಿನ ಹಾಲಿನ ಕಾಫಿ ತರಿಸಿಕೊಂಡು ಗೆದ್ದರು.

ಸಸ್ಯಾಹಾರಿಗಳಿಗೆ ಒಂದು ಮಾತು. ಸುಮ್ನೆ ‘ಮಾಂಸ ಬೇಡ’ ಅಂದರೆ ಸಾಲದು, ನುಕ್ ಮಾಮ್ ಬಂದೇ ಬರುತ್ತದೆ. ಪುಟ್ಟ ಮೀನು, ಉಪ್ಪು ಹಾಕಿ ತಿಂಗಳುಗಟ್ಟಲೆ ಇಟ್ಟು ಇಳಿಸಿದ ಮೀನಿನ ರಸ ಅದು. ಬರೀ ಸೊಪ್ಪಿನ ಪಲ್ಯಕ್ಕೂ ಬೀಳುತ್ತದೆ. ಹಾಗಾಗಿ ‘ಚಾಯ್’ (ಚಹಾ ಅಲ್ಲ, ಸಸ್ಯಾಹಾರ ಅಂತ ಅರ್ಥ) ಅಂತ ಬೋರ್ಡ್ ಹಾಕಿರೋ ಹೋಟೆಲ್ ಹುಡುಕಿ. ಬೌದ್ಧರ ಸಸ್ಯಾಹಾರ ಅಲ್ಲಿ ಸಿಗುತ್ತೆ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು 15ನೇ ದಿನ ಎಷ್ಟೋ ಜನ ಮಾಂಸ ಬಿಡುತ್ತಾರೆ. ಹಳೇ ರಾಜಧಾನಿ ಹ್ವೆಯಲ್ಲಿ ಪಗೋಡಗಳೂ ಜಾಸ್ತಿ, ಚಾಯ್ ಹೋಟೆಲುಗಳೂ ಜಾಸ್ತಿ. ಹನೋಯಿಯಲ್ಲಿ ಬಾಳೆಹಣ್ಣು, ಬ್ರೆಡ್ಡಲ್ಲಿ ದಿನ ದೂಡಿದ್ದ ಅತ್ತಿಗೆ ಇಲ್ಲಿ ನೆಮ್ಮದಿಯಾಗಿ ಉಂಡರು. ಕರಿದ ತೋಫು, ಅಣಬೆ, ಹಲಸಿನ ಗುಜ್ಜೆ. ನಮಗೆ ಬುನ್ ಬೊ ಹ್ವೆ ಇತ್ತು. ಮಜ್ಜಿಗೆ ಹುಲ್ಲಿನ ಘಮದ ಖಾರದ ಸಾರು, ಮೇಲೆ ಎಳೆಎಳೆಯಾಗಿ ಹೆಚ್ಚಿದ ಹಸಿ ಬಾಳೆ ಹೂವು. ಉಪ್ಪಿನ ಕೆನೆ ಹಾಕಿದ ಕಾಫಿಯೂ ಈ ಊರಿನದೇ. ಒಂದು ಸಲ ಕುಡಿಯಬಹುದು.

ಹೋಯ್ ಆನ್‌ನಲ್ಲಿ ಜನಜಂಗುಳಿ. ತಿಳಿ ಕಂದು ಬಣ್ಣದ ದಪ್ಪ ನೂಡಲ್ಸಿನ ಕಾವ್ ಲಾವ್ ತಿಂದು ಹೊರಟೆವು.

ಸೈಗಾನ್‌ನಲ್ಲಿ ಎಲ್ಲವೂ ಸಿಹಿ ಕಡೆಗೆ, ಸೊಪ್ಪೂ ಧಾರಾಳ. ಅಕ್ಕಿ ಹಿಟ್ಟು, ಅರಿಶಿನ, ತೆಂಗಿನ ಹಾಲಿನ ಬಾನ್ ಸೆಯೋ ಹೆಂಚಿನ ಮೇಲೆ ಚುಂಯ್ ಅಂದಾಗ ಅತ್ತಿಗೆ ತಿರುಗಿ ನೋಡಿದರು. ಮಡಚಿದ ರವೆ ದೋಸೆಯಷ್ಟೇ ಗರಿಗರಿ. ಹಿಟ್ಟು ಹುಳಿ ಬರಿಸೋದಿಲ್ಲ. ಮುರಿದು, ಸಾಸಿವೆ ಎಲೆಯಲ್ಲಿಟ್ಟು, ಪುದೀನ ಸೇರಿಸಿ, ಸುತ್ತಿ, ರಸದಲ್ಲಿ ಅದ್ದಿ ತಿನ್ನಬೇಕು. ನಾನು ಸುತ್ತಿದ್ದು ಬಾಯಿಗೆ ಹೋಗೋ ಮೊದಲೇ ಬಿಚ್ಚಿಕೊಳ್ಳುತ್ತಿತ್ತು. ಅತ್ತಿಗೆಯದು ವೀಳ್ಯ ಮಡಚಿ ಪಳಗಿದ ಕೈ, ಒಂದೂ ಬಿಚ್ಚಲಿಲ್ಲ. ಅವರಿಗೆ ಸಿಗಡಿ ಬದಲು ಅಣಬೆ ಹಾಕಿ ಮಾಡಿಕೊಟ್ಟಿದ್ದರು.

ಅಲ್ಲಿ ಫೋ ಜೊತೆಗೂ ಒಂದು ತಟ್ಟೆ ತುಂಬ ಸೊಪ್ಪು, ಮೊಳಕೆಕಾಳು ಬರುತ್ತದೆ. ಅದರಲ್ಲಿ ಉದ್ದ ಎಲೆಯ, ಅಂಚಿಗೆ ಮುಳ್ಳು ಹಲ್ಲಿರೋ ಕಾಡು ಕೊತ್ತಂಬರಿ. ನಮ್ಮ ಮನೆ ಹಿತ್ತಲಲ್ಲೂ ಬೆಳೆದು ನಿಂತಿದೆ, ಕೇಳೋರಿಲ್ಲ. ಅಣ್ಣ ಅಷ್ಟನ್ನೂ ಹರಿದು ಹಾಕಿಕೊಂಡ, ಇನ್ನೊಂದು ತಟ್ಟೆ ಕೇಳಿದ, ಫೋ ಅಂದರೆ ಸೈಗಾನಿನದೇ ಅಂತ ತೀರ್ಪು ಕೊಟ್ಟ. ನಾನು ಒಪ್ಪಲ್ಲ. ಸಾರಿನ ರುಚಿ ಹನೋಯಿಯದೇ. ಸೈಗಾನ್‌ನಲ್ಲಿ ಅದು ಸೊಪ್ಪಿನಡಿ ಎಲ್ಲೋ ಮುಳುಗಿರುತ್ತೆ.