ಕೈ ಎತ್ತಿ ನಿಂತ ಮೂರು ಸೆಕೆಂಡು

ಬೆಂಗಳೂರಿನ ಸೂಪರ್ ಡಿವಿಷನ್ ಫುಟ್‌ಬಾಲ್ ಲೀಗ್‌ನಲ್ಲಿ ಒಂಬತ್ತು ಸೀಸನ್ ಸ್ಟಾಪರ್ ಆಗಿ, ಅಂದರೆ ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್ ಆಗಿ, ಆಡಿದ್ದೇನೆ. ಅಷ್ಟು ವರ್ಷಗಳಲ್ಲಿ ನಾನು ತಡೆದ ಚೆಂಡುಗಳನ್ನು ನೆನಪಿಟ್ಟುಕೊಂಡವರು ಯಾರೂ ಇಲ್ಲ. ತಡೆಯದೆ ಬಿಟ್ಟ ಒಂದು ಚೆಂಡನ್ನು ಮಾತ್ರ ಆಸ್ಟಿನ್ ಟೌನಿನ ಟೀ ಅಂಗಡಿಯವರೂ ಮರೆತಿಲ್ಲ.

ಅಂದು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ನಮ್ಮದು ಮಧ್ಯಾಹ್ನದ ಮೊದಲ ಪಂದ್ಯ. ಕೃತಕ ಹುಲ್ಲು ಕಾದ ಕಾವಲಿಯಂತಾಗಿ, ಬೂಟಿನೊಳಗೆ ಸೇರಿದ ಕಪ್ಪು ರಬ್ಬರ್ ಹರಳುಗಳು ಸೆಕೆಂಡ್ ಹಾಫ್‌ನ ಹೊತ್ತಿಗೆ ಅಂಗಾಲನ್ನು ಸುಡತೊಡಗಿದ್ದವು. 88ನೆಯ ನಿಮಿಷ, ಸ್ಕೋರು 1-1. ಎ ಡಿವಿಷನ್‌ಗೆ ಇಳಿಯದಿರಲು ನಮಗೆ ಆ ಒಂದು ಪಾಯಿಂಟ್ ಸಾಕಿತ್ತು. ‘ಲೈನ್ ಮೇಲಕ್ಕೆ ತಗೊಳ್ರೋ’ ಎಂದು, ಅಂದರೆ ಡಿಫೆಂಡರ್‌ಗಳ ಸಾಲು ಮುಂದಕ್ಕೆ ಬರಲೆಂದು, ಕೋಚ್ ಸರ್ ಕೂಗುತ್ತಲೇ ಇದ್ದರು, ನಾನೂ ತೆಗೆದುಕೊಳ್ಳುತ್ತಲೇ ಇದ್ದೆ.

ಎದುರಾಳಿಯ ಲೆಫ್ಟ್ ಬ್ಯಾಕ್ ಸೆಂಟರ್ ಲೈನಿನ ಬಳಿಯಿಂದ ಚೆಂಡನ್ನು ಎತ್ತಿ ಹೊಡೆದಾಗ ಅವರ ಸ್ಟ್ರೈಕರ್ ನನ್ನ ಬೆನ್ನ ಹಿಂದೆ ನಾಲ್ಕು ಹೆಜ್ಜೆಯಷ್ಟು ಆಫ್‌ಸೈಡಿನಲ್ಲಿದ್ದ, ಅಂದರೆ ಅವನಿಗೂ ಗೋಲಿಗೂ ನಡುವೆ ನಮ್ಮ ಕೀಪರ್ ಬಿಟ್ಟು ಯಾರೂ ಇರಲಿಲ್ಲ. ಎತ್ತರಕ್ಕೆ ಹೋದ ಚೆಂಡು ನಿಧಾನವಾಗಿ ಇಳಿಯುತ್ತಿತ್ತು. ಅದು ನನಗೆ ಪೂರ್ತಿ ಕಾಣುತ್ತಿತ್ತು, ಎರಡು ಹೆಜ್ಜೆ ಹಿಂದೆ ಸರಿದು ಕಾಲೂರಿ ನಿಲ್ಲುವಷ್ಟು ಸಮಯವೂ ಇತ್ತು. ಸುಮ್ಮನೆ ಬಿಟ್ಟಿದ್ದರೆ ಆಫ್‌ಸೈಡ್ ಎಂದು ಅಸಿಸ್ಟೆಂಟ್ ರೆಫರಿಯ ಬಾವುಟ ಏಳುತ್ತಿತ್ತು. ಆದರೆ ಇಷ್ಟು ವರ್ಷ ಹೆಡ್ ಮಾಡಿಯೇ ಅನ್ನ ಸಂಪಾದಿಸಿದವನಿಗೆ ಚೆಂಡನ್ನು ಬಿಡುವುದು ಬರುವುದಿಲ್ಲ. ಹಣೆಗೆ ತಗುಲಬೇಕಾದದ್ದು ನೆತ್ತಿಯನ್ನು ಸವರಿ ಹಿಂದಕ್ಕೆ ಜಾರಿ, ನೇರವಾಗಿ ಅವನ ಕಾಲ ಬಳಿಗೇ ಬಿತ್ತು.

ಆಗ ನಾನು ಮಾಡಿದ ಕೆಲಸವೆಂದರೆ ಬಲಗೈ ಎತ್ತಿ ಅಸಿಸ್ಟೆಂಟ್ ರೆಫರಿಯ ಕಡೆ ತಿರುಗಿ ನಿಂತದ್ದು. ಆ ಸ್ಟ್ರೈಕರ್‌ಗೆ ಚೆಂಡು ಒಮ್ಮೆಲೇ ಹತೋಟಿಗೆ ಬರಲಿಲ್ಲ. ಫಸ್ಟ್ ಟಚ್ ಮೊಣಕಾಲಿಗೆ ಬಡಿದು ಪಕ್ಕಕ್ಕೆ ಹೋಯಿತು, ಅವನು ಅದನ್ನು ಸುತ್ತಿ ಬರಬೇಕಾಯಿತು. ಗೌತಮಪುರದ ನಮ್ಮ ಕೀಪರ್ ಹುಡುಗ ‘ಅಣ್ಣಾ, ಕೈ ಬಿಡಣ್ಣಾ, ಓಡಣ್ಣಾ’ ಎಂದು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಕಿರುಚಿದ್ದು ಕೇಳಿಸಿತು. ಕೇಳಿಸಿದರೂ ನನ್ನ ಕಣ್ಣು ಬಾವುಟದ ಮೇಲೆಯೇ ಇತ್ತು, ಬಾವುಟ ಅಸಿಸ್ಟೆಂಟ್ ರೆಫರಿಯ ತೊಡೆಗೆ ಅಂಟಿಕೊಂಡೇ ಇತ್ತು. ಮೂರು ಸೆಕೆಂಡಾದರೂ ಆಗಿರಬೇಕು. ಓಡಿದ್ದರೆ ಕಾಲು ಅಡ್ಡ ಹಾಕಬಹುದಿತ್ತು.

ಗೋಲಾದ ಮೇಲೆ ರೆಫರಿಯ ಬಳಿಗೆ ಮಾತ್ರ ಚೆನ್ನಾಗಿಯೇ ಓಡಿದೆ. ‘ಸರ್, ಕ್ಲಿಯರ್ ಆಫ್‌ಸೈಡ್’ ಎಂದೆ. ‘ಆಡಿದ್ದು ನೀವೇ ಅಲ್ವಾ’ ಎಂದರು. ಮತ್ತೆ ಬಾಯಿ ತೆರೆದದ್ದಕ್ಕೆ ಹಳದಿ ಕಾರ್ಡ್ ಬಂತು.

ಅವರು ಹೇಳಿದ್ದು ಸರಿಯೇ. 11ನೆಯ ನಿಯಮದ ಪ್ರಕಾರ, ಗೋಲಿಗೆ ಹೋಗುತ್ತಿದ್ದ ಚೆಂಡನ್ನು ತಡೆದ ಸಂದರ್ಭವನ್ನು ಬಿಟ್ಟರೆ, ಡಿಫೆಂಡರ್ ಬೇಕೆಂದೇ ಆಡಿದ ಚೆಂಡು ಆಫ್‌ಸೈಡ್ ಜಾಗದಲ್ಲಿದ್ದವನಿಗೆ ಸಿಕ್ಕರೆ ಅದು ಆಫ್‌ಸೈಡ್ ಅಲ್ಲ. ಬೇಕೆಂದೇ ಆಡುವುದೆಂದರೆ ಏನೆಂಬುದನ್ನು ನಿಯಮ ರೂಪಿಸುವ ಐಫ್ಯಾಬ್ 2022ರ ಜುಲೈನಲ್ಲಿ ಬಿಡಿಸಿ ಹೇಳಿತು: ಚೆಂಡು ದೂರದಿಂದ ಬಂದಿತೇ, ಸ್ಪಷ್ಟವಾಗಿ ಕಾಣುತ್ತಿತ್ತೇ, ನಿಧಾನವಾಗಿತ್ತೇ, ಮೈಯನ್ನು ಹದಕ್ಕೆ ತಂದುಕೊಳ್ಳಲು ಸಮಯವಿತ್ತೇ ಎಂಬುದನ್ನೆಲ್ಲ ನೋಡಬೇಕು. ಕೆಟ್ಟದಾಗಿ ಆಡಿದರೂ ಅದು ಆಡಿದ ಲೆಕ್ಕವೇ. ಎಗರಿ, ಕತ್ತು ಚಾಚಿ ಹೇಗೋ ತಾಗಿಸಿದ್ದರೆ ನಾನು ಬಚಾವಾಗುವ ಸಂಭವವಿತ್ತು. ನೆಟ್ಟಗೆ ನಿಂತು ಸೊಟ್ಟಗೆ ಹೆಡ್ ಮಾಡಿದ್ದೇ ಮುಳುವಾಯಿತು.

ಸೀಸನ್ನಿಗೆ ಮುಂಚೆ ಇದನ್ನೆಲ್ಲ ವಿವರಿಸಿದ ಸಭೆಗೆ ನಮ್ಮ ಮ್ಯಾನೇಜ್‌ಮೆಂಟ್ ಟೀಮ್ ಮ್ಯಾನೇಜರ್ ಒಬ್ಬರನ್ನೇ ಕಳಿಸಿತ್ತು. ಅವರು ತಂದು ಡ್ರೆಸ್ಸಿಂಗ್ ರೂಮಿನ ಬಾಗಿಲಿಗೆ ಅಂಟಿಸಿದ ಹಾಳೆಯ ಮೇಲೆ ವಾರದೊಳಗೆ ಪ್ರಾಕ್ಟೀಸಿಗೆ ತೊಡುವ ಬಿಬ್ ಒಗೆಯುವ ಸರದಿಯ ಪಟ್ಟಿ ಬಂದು ಕೂತಿತು. ಹಾಳೆಯನ್ನು ನಾನೂ ಓದಿರಲಿಲ್ಲ, ಪಟ್ಟಿಯಲ್ಲಿ ನನ್ನ ಹೆಸರಿದೆಯೇ ಎಂದಷ್ಟೇ ನೋಡಿದ್ದೆ. ಎರಡು ತಿಂಗಳ ಸಂಬಳ ಬಾಕಿಯಿದ್ದರೂ ಆಟಗಾರರ ಓಟ ಅಳೆಯುವ ಜಿಪಿಎಸ್ ವೆಸ್ಟ್‌ಗಳಿಗೆ ಮಾತ್ರ ದುಡ್ಡು ಹೊಂದಿಸಿದ್ದರು. ಸೋಮವಾರದ ಮೀಟಿಂಗ್‌ನಲ್ಲಿ ಕೋಚ್ ಸರ್ ಏನೂ ಮಾತನಾಡದೆ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು: 88ನೆಯ ನಿಮಿಷದಲ್ಲಿ ನನ್ನ ಓಟದ ವೇಗದ ಗೆರೆ ನೆಲಕ್ಕೆ ಅಂಟಿ ಮಲಗಿತ್ತು. ಸಂಬಳ ಕೊಡದವರು ಕೊಡಿಸಿದ ಯಂತ್ರವಾದರೂ ಅದು ಸುಳ್ಳು ಹೇಳುವುದಿಲ್ಲ.

ಈಗ ಹುಡುಗರಿಗೆ, ಕೈ ಎತ್ತುವುದಾದರೆ ಓಡುತ್ತಾ ಎತ್ತಿರಿ ಎಂದು ಹೇಳುತ್ತೇನೆ. ‘ನೀವು ಹೇಳ್ತೀರಾ ಅಣ್ಣಾ’ ಎಂದು ನಗುತ್ತಾರೆ. ಬೇರೊಂದು ತಂಡ ಸೋತದ್ದರಿಂದ ನಾವು ಸೂಪರ್ ಡಿವಿಷನ್ನಿನಲ್ಲಿಯೇ ಉಳಿದೆವು. ಗ್ಯಾಲರಿಯಿಂದ ಯಾರೋ ಮೊಬೈಲಿನಲ್ಲಿ ತೆಗೆದ ಫೋಟೋದಲ್ಲಿ ನಾನು ಬಸ್ಸಿಗೆ ಕೈ ಅಡ್ಡ ಹಿಡಿದವನಂತೆ ನಿಂತಿದ್ದೇನೆ, ಹಿಂದೆ ಚೆಂಡು ಗೆರೆ ದಾಟುತ್ತಿದೆ. ಬಾಕಿ ಸಂಬಳ ಜೂನ್‌ನಲ್ಲಿ ಬಂತು. ತಂಡದ ವಾಟ್ಸ್‌ಆಪ್ ಗ್ರೂಪಿನ ಡಿಪಿ ಇಂದಿಗೂ ಅದೇ ಫೋಟೋ.